ಶೇಕಡಾ 23 ಬಂದಿದೆ ಮೇಡಂ, ಏನು ಮಾಡಲಿ?

ಕಳೆದ ಸಂಚಿಕೆಯಲ್ಲಿ ಕೃತಿಚೌರ್ಯದ, ಅಂದರೆ ಬೇರೆಯವರ ಬರಹವನ್ನು ತನ್ನದು ಅಂತ ಹಾಕಿಕೊಳ್ಳುವುದರ ಬಗ್ಗೆ ಬಂದ ಒಂದು ಚಿಕ್ಕ ಪ್ರಶ್ನೆಗೆ ನಾಲ್ಕು ಸಾಲು ಉತ್ತರ ಬರೆದಿದ್ದೆ. ಅದನ್ನು ಓದಿ ಇಷ್ಟೊಂದು ಜನ ಕಾಗದ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಹೆಚ್ಚಿನವು ಕಾಲೇಜುಗಳಿಂದ, ಹಾಸ್ಟೆಲ್‌ಗಳಿಂದ ಬಂದಿವೆ. ಒಂದು ಮಾತ್ರ ಅರಸೀಕೆರೆ ಕಡೆಯ ಹಿರಿಯರೊಬ್ಬರದ್ದು. ಅದನ್ನು ಓದಿದ ಮೇಲೆ ಎರಡು ದಿನ ನನಗೆ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಈ ಸಲದ ಅಂಕಣ ಪೂರ್ತಿ ಈ ವಿಷಯಕ್ಕೇ ಇರಲಿ ಅಂತ ಸಂಪಾದಕರನ್ನು ಕೇಳಿಕೊಂಡೆ.

ಹೊಸ ಓದುಗರಿಗೆ ಒಂದು ಮಾತು. ನಾನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ 31 ವರ್ಷ ಕೆಲಸ ಮಾಡಿ 2023ರಲ್ಲಿ ನಿವೃತ್ತಳಾದೆ. ಕೊನೆಯ ಆರು ವರ್ಷ ಪಿಎಚ್‌ಡಿ ಪ್ರಬಂಧ ಮತ್ತು ಜರ್ನಲ್‌ಗೆ ಹೋಗುವ ಲೇಖನಗಳ ಪ್ಲೇಜರಿಸಂ ಚೆಕ್ (ಬೇರೆ ಬರಹಗಳನ್ನು ಶೇಕಡಾ ಎಷ್ಟು ಹೋಲುತ್ತದೆ ಅಂತ ಸಾಫ್ಟ್‌ವೇರ್‌ನಲ್ಲಿ ನೋಡುವುದು) ನನ್ನ ಟೇಬಲ್‌ನಲ್ಲೇ ಆಗುತ್ತಿತ್ತು. ಆ ಟೇಬಲ್ ಮುಂದೆ ಕೂತು ಅತ್ತವರನ್ನು ನೋಡಿದ್ದೇನೆ. ಜಗಳ ಆಡಿದವರನ್ನೂ ನೋಡಿದ್ದೇನೆ.

ಪ್ರಶ್ನೆ: ಮೇಡಂ, ಸ್ತ್ರೀಯರ ಸ್ವಸಹಾಯ ಸಂಘಗಳ ಬಗ್ಗೆ ಇಂಗ್ಲಿಷ್‌ನಲ್ಲಿ ಒಂದು ಪೇಪರ್ ಬರೆದಿದ್ದೇನೆ. ಜರ್ನಲ್‌ಗೆ ಕಳಿಸುವ ಮುಂಚೆ ಚೆಕ್ ಮಾಡಿಸಿದರೆ ಶೇಕಡಾ 23 ಬಂದಿದೆ. ಜರ್ನಲ್‌ನವರು 10ರ ಒಳಗಿರಬೇಕು ಅನ್ನುತ್ತಾರೆ. ಹಾಸ್ಟೆಲ್ ಹತ್ತಿರದ ಡಿಟಿಪಿ ಅಂಗಡಿಯವರು ಮೂರು ಸಾವಿರ ಕೊಟ್ಟರೆ ಎರಡು ದಿನದಲ್ಲಿ 5ಕ್ಕೆ ಇಳಿಸಿಕೊಡುತ್ತೇವೆ ಅಂದರು. ಗೆಳತಿಯರೆಲ್ಲ ಅಲ್ಲೇ ಮಾಡಿಸಿದ್ದಾರೆ. ನಾನು ಯಾರದ್ದೂ ಕದ್ದಿಲ್ಲ. ಕೊಟ್ಟುಬಿಡಲಾ?
(ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಕೊಡಬೇಡ ತಂಗಿ. ಮೊದಲು ಹೆದರಿಕೆ ಬಿಡು. 23 ಅನ್ನುವುದು ಕಳ್ಳತನದ ಅಳತೆ ಅಲ್ಲ. ಸಾಫ್ಟ್‌ವೇರ್ ನಿನ್ನ ಲೇಖನವನ್ನು ಓದುವುದೇ ಇಲ್ಲ. ನಿನ್ನ ಪದಗಳ ಸಾಲನ್ನು ತೆಗೆದುಕೊಂಡು, ಇದೇ ಸಾಲು ತನ್ನ ಹತ್ತಿರ ಇರುವ ರಾಶಿಯಲ್ಲಿ ಬೇರೆ ಎಲ್ಲಿದೆ ಅಂತ ಹುಡುಕುತ್ತದೆ. ಸಿಕ್ಕಿದ್ದಕ್ಕೆ ಬಣ್ಣ ಬಳಿದು, ಎಣಿಸಿ ಕೊಡುತ್ತದೆ. ಸ್ವಸಹಾಯ ಸಂಘದ ಮೇಲೆ ಬರೆದ ಯಾವ ಪೇಪರ್ ತೆಗೆದರೂ, 1992ರಲ್ಲಿ ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಈ ಸಂಘಗಳನ್ನು ಬ್ಯಾಂಕುಗಳ ಜೊತೆ ಜೋಡಿಸುವ ಯೋಜನೆ ಶುರುಮಾಡಿತು ಅನ್ನುವ ಸಾಲು ಮೊದಲ ಪುಟದಲ್ಲೇ ಇರುತ್ತದೆ. ನಿನ್ನದರಲ್ಲೂ ಇದ್ದೇ ಇರುತ್ತದೆ. ನಬಾರ್ಡ್‌ನ ಪೂರ್ತಿ ಹೆಸರು, ಯೋಜನೆಯ ಹೆಸರು, ಪ್ರಶ್ನಾವಳಿಯ ಮಾತುಗಳು, ಕೊನೆಯ ಆಕರಪಟ್ಟಿ ಎಲ್ಲಕ್ಕೂ ಬಣ್ಣ ಬಿದ್ದಿರುತ್ತದೆ.

ಹಾಗಾಗಿ ಬರೀ ನಂಬರ್ ಇಟ್ಟುಕೊಂಡು ಕೂರಬೇಡ. ನಿಮ್ಮ ಗ್ರಂಥಾಲಯಕ್ಕೆ ಹೋಗಿ ಬಣ್ಣ ಬಳಿದ ಪೂರ್ತಿ ರಿಪೋರ್ಟ್ ಕೇಳು. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2018ರ ಜುಲೈನಲ್ಲಿ ಕೃತಿಚೌರ್ಯ ತಡೆಯುವ ನಿಯಮ ತಂದಿದೆ. ಅದರ ಪ್ರಕಾರ ಆಕರ ಹೇಳಿ ಉದ್ಧರಿಸಿದ ಮಾತು, ಆಕರಪಟ್ಟಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ ಯಾವುದನ್ನೂ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಎಲ್ಲರೂ ಬಳಸುವ ಪಾರಿಭಾಷಿಕ ಪದ, ಕಾನೂನಿನ ಮಾತು, ಸೂತ್ರಗಳೂ ಅಷ್ಟೆ. ಎಲ್ಲರಿಗೂ ಗೊತ್ತಿರುವ ವಿಷಯ ಅಥವಾ ಆಕಸ್ಮಿಕವಾಗಿ ಹೊಂದುವ ಮಾತು ಒಂದೇ ಸಾಲಿನಲ್ಲಿ 14 ಪದದವರೆಗೆ ಬಂದರೆ ಅದನ್ನೂ ಬಿಡಬೇಕು. ನಾನು ನೋಡಿದ ಹಾಗೆ, ಚೆಕ್ ಮಾಡುವವರು ಅವಸರದಲ್ಲಿ ಈ ಸೆಟ್ಟಿಂಗ್ ಬದಲಿಸದೆಯೇ ಫೈಲ್ ಹಾಕಿಬಿಡುತ್ತಾರೆ. ನಿನ್ನ 23 ಅಲ್ಲೇ ಎಷ್ಟೋ ಇಳಿದೀತು.

ಆಮೇಲೂ ಉಳಿದದ್ದನ್ನು ನೀನೇ ಕೂತು ನೋಡು. ಬಣ್ಣ ಎಲ್ಲಿ ಬಿದ್ದಿದೆ ಅನ್ನುವುದು ಮುಖ್ಯ. ನನ್ನ ಟೇಬಲ್‌ಗೆ ಕೃಷಿ ಮಾರುಕಟ್ಟೆ ಕಾಯ್ದೆಯ ಬಗ್ಗೆ ಬರೆದ ಹುಡುಗನೊಬ್ಬನ ಪೇಪರ್ ಬಂದಿತ್ತು. ಶೇಕಡಾ 31. ತೆಗೆದು ನೋಡಿದರೆ ಎಲ್ಲ ಕಾಯ್ದೆಯ ಕಲಮುಗಳು. ಅವನದ್ದೇನೂ ತಪ್ಪಿರಲಿಲ್ಲ. ಅದೇ ವಾರ ಇನ್ನೊಂದು ಬಂತು, ಬರೀ 6. ಆ ಆರೂ ಒಂದೇ ಕಡೆ ಬಿದ್ದಿತ್ತು. 'ನನ್ನ ಸಂಶೋಧನೆಯಿಂದ ಕಂಡುಬಂದದ್ದು' ಅಂತ ಶುರುವಾಗುವ ಕೊನೆಯ ಎರಡು ಪ್ಯಾರಾದಲ್ಲಿ. ಕಂಡುಕೊಂಡದ್ದೇ ಬೇರೆಯವರದ್ದು. ವಾಪಸ್ ಕಳಿಸಿದ್ದು ಆ 6ನ್ನು.

ಈಗ ಅಂಗಡಿಯ ವಿಷಯ. ಅವರೇನೂ ಕೂತು ನಿನ್ನ ಲೇಖನ ತಿದ್ದುವುದಿಲ್ಲ. ಪದ ಬದಲಿಸುವ ಒಂದು ಸಾಫ್ಟ್‌ವೇರ್‌ಗೆ ಹಾಕುತ್ತಾರೆ. ಅದು ಅರ್ಥ ನೋಡದೆ ಪ್ರತಿ ಪದಕ್ಕೂ ಇನ್ನೊಂದು ಪದ ಕೂರಿಸುತ್ತದೆ. ಕನ್ನಡದಲ್ಲಿ ಹೇಳುವುದಾದರೆ 'ಹೊಟ್ಟೆಕಿಚ್ಚು' ಇದ್ದ ಕಡೆ 'ಉದರಾಗ್ನಿ' ಅಂತ ಬರೆದ ಹಾಗೆ. ಇಂಗ್ಲಿಷ್‌ನಲ್ಲಿ ಇದೇ ಆಗಿದೆ. 2021ರಲ್ಲಿ ಗಿಯೋಮ್ ಕಬಾನಾಕ್, ಸಿರಿಲ್ ಲಾಬೆ, ಅಲೆಕ್ಸಾಂಡರ್ ಮಗಜಿನೊವ್ ಅನ್ನುವ ಮೂವರು ಸಂಶೋಧಕರು ಜರ್ನಲ್‌ಗಳನ್ನು ಜಾಲಾಡಿದರು. ಬ್ರೆಸ್ಟ್ ಕ್ಯಾನ್ಸರ್ ಇರಬೇಕಾದಲ್ಲಿ 'ಬೂಸಮ್ ಪೆರಿಲ್' (ಎದೆಯ ಅಪಾಯ) ಅಂತ, ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಇರಬೇಕಾದಲ್ಲಿ 'ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್' (ನಕಲಿ ಪ್ರಜ್ಞೆ) ಅಂತ ಅಚ್ಚಾಗಿತ್ತು. ಇಂಥವಕ್ಕೆ ಅವರು 'ಹಿಂಸೆ ಕೊಟ್ಟ ಪದಗಳು' ಅಂತಲೇ ಹೆಸರಿಟ್ಟರು. ಈಗ ಇವನ್ನು ಹುಡುಕುವುದಕ್ಕೇ ಪ್ರೋಗ್ರಾಂ ಇದೆ. ಸಾಫ್ಟ್‌ವೇರ್ ಕಣ್ಣು ತಪ್ಪಿಸಲು ಇಂಗ್ಲಿಷ್ ಅಕ್ಷರಗಳ ಮಧ್ಯೆ ನೋಡಲು ಒಂದೇ ಥರ ಇರುವ ರಷ್ಯನ್ ಅಕ್ಷರ ತೂರಿಸುವ ಉಪಾಯವೂ ಹಳೆಯದಾಯಿತು, ಅದನ್ನೂ ಹಿಡಿಯುತ್ತಾರೆ. ಯೋಚಿಸು ತಂಗಿ. ನೀನು ಹಳ್ಳಿ ಹಳ್ಳಿ ತಿರುಗಿ ಹೆಂಗಸರ ಜೊತೆ ಕೂತು ಮಾತಾಡಿಸಿ ಬರೆದ ಲೇಖನ ಅದು. ಕದಿಯದೇ ಇದ್ದವಳು ಮೂರು ಸಾವಿರ ಕೊಟ್ಟು ಕಳ್ಳರ ಗುರುತು ಹಚ್ಚಿಸಿಕೊಳ್ಳಬೇಕಾ?

ಬಣ್ಣ ಬಿದ್ದ ಪ್ಯಾರಾಗಳಿಗೆ ಹೀಗೆ ಮಾಡು. ಮೂಲವನ್ನು ಓದು. ಮುಚ್ಚಿಡು. ಅದರಲ್ಲಿ ಏನಿತ್ತು ಅಂತ ಫೋನ್‌ನಲ್ಲಿ ಅವ್ವನಿಗೆ ಹೇಳಿದ ಹಾಗೆ ಕನ್ನಡದಲ್ಲಿ ಹೇಳಿಕೋ. ಆಮೇಲೆ ಇಂಗ್ಲಿಷ್‌ನಲ್ಲಿ ಬರೆ. ಪಕ್ಕದಲ್ಲಿ ಮೂಲ ಲೇಖಕರ ಹೆಸರು, ವರ್ಷ ಹಾಕು. ಹೇಳಿಕೊಳ್ಳಲು ಬರಲಿಲ್ಲ ಅಂದರೆ ನಿನಗೆ ಅದು ಅರ್ಥವಾಗಿಲ್ಲ ಅಂತ. ಇನ್ನೊಂದು ಸಲ ಓದು.

ಮುಂದಿನ ಪೇಪರ್‌ಗೆ ಇವತ್ತಿನಿಂದಲೇ ನೋಟ್‌ಬುಕ್ ಬದಲಿಸು. ಎಡಗಡೆ ಪುಟದಲ್ಲಿ ಅವರ ಮಾತು. ಅದು ಉದ್ಧರಣ ಚಿಹ್ನೆಯ ಒಳಗೇ ಇರಬೇಕು, ಪುಸ್ತಕದ ಹೆಸರು ಮತ್ತು ಪುಟ ಸಂಖ್ಯೆ ಜೊತೆಗೆ. ಬಲಗಡೆ ಪುಟದಲ್ಲಿ ನಿನ್ನ ಮಾತು. ನನ್ನ ಮುಂದೆ ಕೂತು ಅತ್ತ ಮಕ್ಕಳಲ್ಲಿ ಹೆಚ್ಚಿನವರು ಕಳ್ಳರಲ್ಲ. ಮೂರು ವರ್ಷದ ಹಿಂದೆ ಯಾವುದೋ ಪುಸ್ತಕದಿಂದ ಬರೆದುಕೊಂಡಿರುತ್ತಾರೆ, ಎಲ್ಲಿಂದ ಅಂತ ಗುರುತು ಹಾಕಿರುವುದಿಲ್ಲ. ಮೂರು ವರ್ಷ ಕಳೆದ ಮೇಲೆ ತಮ್ಮದೇ ಕೈಬರಹ, ತಮ್ಮದೇ ಮಾತು ಅನ್ನಿಸಿಬಿಡುತ್ತದೆ. ಆ ದಿನ ಪುಟ ಸಂಖ್ಯೆ ಬರೆಯಲು ಬೇಕಾಗಿದ್ದು ಹತ್ತು ಸೆಕೆಂಡ್.

ಪ್ರಶ್ನೆ: ಎರಡು ವರ್ಷದ ಹಿಂದೆ ಕನ್ನಡ ಪತ್ರಿಕೆಯೊಂದರಲ್ಲಿ ನನ್ನ ಲೇಖನ ಬಂದಿತ್ತು. ಅದನ್ನೇ ಇಂಗ್ಲಿಷ್‌ಗೆ ಮಾಡಿ ಬೇರೆ ಜರ್ನಲ್‌ಗೆ ಕಳಿಸಬಹುದಾ? ನನ್ನದೇ ಬರಹ ನಾನು ಹೇಗೆ ಕದ್ದ ಹಾಗಾಗುತ್ತದೆ?
(ಉಪನ್ಯಾಸಕರು, ತುಮಕೂರು)

ಉತ್ತರ: ಕಳಿಸಬಹುದು ಸರ್, ಆದರೆ ಹೇಳಿ ಕಳಿಸಬೇಕು. ಹೊಸ ಸಂಪಾದಕರಿಗೆ ಬರೆಯುವ ಪತ್ರದಲ್ಲೇ, ಇದು ಕನ್ನಡದಲ್ಲಿ ಇಂಥ ಪತ್ರಿಕೆಯ ಇಂಥ ಸಂಚಿಕೆಯಲ್ಲಿ ಬಂದಿದೆ ಅಂತ ತಿಳಿಸಿ. ಹಳೆಯ ಪತ್ರಿಕೆಯ ಒಪ್ಪಿಗೆ ಪಡೆಯಿರಿ. ಅಚ್ಚಾಗುವಾಗ ಮೊದಲ ಪುಟದ ಅಡಿಟಿಪ್ಪಣಿಯಲ್ಲೂ ಅದು ಇರಲಿ. ಹೇಳದೆ ಕಳಿಸಿದರೆ ತಪ್ಪು. 2020ರ ಏಪ್ರಿಲ್‌ನಲ್ಲಿ ಯುಜಿಸಿ ಇದಕ್ಕೇ ಒಂದು ಪ್ರಕಟಣೆ ಹೊರಡಿಸಿ, ತನ್ನದೇ ಹಳೆಯ ಬರಹವನ್ನು ಆಕರ ಹೇಳದೆ ಮತ್ತೆ ಅಚ್ಚು ಹಾಕಿಸುವುದನ್ನು ಒಪ್ಪುವುದಿಲ್ಲ ಅಂದಿದೆ. ನೀವು ಯಾರದ್ದೂ ಕದಿಯುತ್ತಿಲ್ಲ ನಿಜ. ಆದರೆ ಓದುವವರು ಎರಡು ಸಂಶೋಧನೆ ನಡೆದಿದೆ ಅಂದುಕೊಳ್ಳುತ್ತಾರೆ. ನಡೆದಿದ್ದು ಒಂದೇ ಅಲ್ವಾ?

ಒಂದೇ ಸರ್ವೆಯಿಂದ ನಾಲ್ಕು ಪೇಪರ್ ಮಾಡಬಹುದಾ ಅಂತಲೂ ಪತ್ರದ ಕೊನೆಗೆ ಕೇಳಿದ್ದೀರಿ. ಅದಕ್ಕೆ ನನ್ನ ಉತ್ತರ 'ಬೇಡ' ಅಂತಲೇ. ಒಂದು ಹಲಸಿನ ಹಣ್ಣನ್ನು ತೊಳೆ ತೊಳೆ ಬಿಡಿಸಿ ನಾಲ್ಕು ಕಡೆ ಮಾರಿದ ಹಾಗೆ, ಒಂದನ್ನೇ ನಾಲ್ಕು ಪೇಪರ್ ಮಾಡುವುದು ಬಡ್ತಿಯ ಅಂಕಕ್ಕೆ ಚೆನ್ನಾಗಿ ಕಾಣಬಹುದು. ಓದುವವರಿಗೆ ಪೂರ್ತಿ ಹಣ್ಣು ಎಲ್ಲೂ ಸಿಗುವುದಿಲ್ಲ.

ಪ್ರಶ್ನೆ: ನಮ್ಮದು ಕನ್ನಡದಲ್ಲೇ ಬರುವ ತ್ರೈಮಾಸಿಕ ಸಂಶೋಧನಾ ಪತ್ರಿಕೆ. 300 ಪ್ರತಿ ಅಚ್ಚಾಗುತ್ತದೆ, ವೆಬ್‌ಸೈಟಿನಲ್ಲೂ ಹಾಕುತ್ತೇವೆ. ಇಬ್ಬರೇ ಸೇರಿ ನಡೆಸುತ್ತೇವೆ. ಬರುವ ಎಲ್ಲ ಲೇಖನಗಳನ್ನೂ ಪರಿಚಯದವರ ಕಾಲೇಜಿನಲ್ಲಿ ಚೆಕ್ ಮಾಡಿಸುತ್ತೇವೆ. ಯಾವುದಕ್ಕೂ ಸೊನ್ನೆ, ಒಂದು, ಎರಡಕ್ಕಿಂತ ಜಾಸ್ತಿ ಬರುವುದಿಲ್ಲ. ಎಲ್ಲರೂ ಇಷ್ಟು ಪ್ರಾಮಾಣಿಕರೇ ಅಂತ ನನಗೇ ಅನುಮಾನ.
(ಸಂಪಾದಕರು, ಮೈಸೂರು)

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ ಸರ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಕನ್ನಡದ ಎಷ್ಟೋ ಪತ್ರಿಕೆಗಳ ಕಥೆ ಇದೇ.

ನಿಮಗೆ ಬರುವ ಲೇಖನಗಳು ಯಾವ ಫಾಂಟ್‌ನಲ್ಲಿವೆ? ಹಳೆಯ ನುಡಿ ಅಥವಾ ಬರಹ ಫಾಂಟ್ ಆಗಿದ್ದರೆ ಪರದೆಯ ಮೇಲೆ ಕನ್ನಡ ಕಾಣುತ್ತದೆ ಅಷ್ಟೆ. ಫೈಲ್‌ನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಿಚಡಿ. ಸಾಫ್ಟ್‌ವೇರ್‌ಗೆ ಕಾಣುವುದು ಆ ಕಿಚಡಿಯೇ. ಅದಕ್ಕೆ ಹೊಂದುವ ಸಾಲು ಎಲ್ಲೂ ಸಿಗುವುದಿಲ್ಲ, ಸೊನ್ನೆ ಅಂತ ಬರೆದು ಕೊಡುತ್ತದೆ. ಒಂದು ಸಣ್ಣ ಪರೀಕ್ಷೆ ಮಾಡಿ. ಲೇಖನದಿಂದ ಒಂದು ಸಾಲು ಕಾಪಿ ಮಾಡಿ ನಿಮ್ಮ ಮೊಬೈಲ್‌ಗೆ ವಾಟ್ಸಾಪ್ ಮಾಡಿಕೊಳ್ಳಿ. ಅಲ್ಲಿ ಕನ್ನಡವೇ ಕಂಡರೆ ಯುನಿಕೋಡ್, ಅಂದರೆ ಎಲ್ಲ ಯಂತ್ರಗಳೂ ಕನ್ನಡ ಅಂತಲೇ ಓದುವ ಸಂಕೇತ. ವಿಚಿತ್ರ ಗುರುತುಗಳು ಕಂಡರೆ ಇದುವರೆಗಿನ ನಿಮ್ಮ ಸೊನ್ನೆಗಳಿಗೆ ಬೆಲೆ ಇಲ್ಲ. ಯುನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳು ಉಚಿತವಾಗಿ ಸಿಗುತ್ತವೆ. ಲೇಖನ ಯುನಿಕೋಡ್‌ನಲ್ಲೇ ಬರಬೇಕು ಅಂತ ಮುಂದಿನ ಸಂಚಿಕೆಯಲ್ಲಿ ನಿಯಮ ಹಾಕಿಬಿಡಿ.

ಅಷ್ಟು ಮಾಡಿದರೂ ಪೂರ್ತಿ ಸಾಲದು. ಹೋಲಿಸಿ ನೋಡಲು ಆ ಕಡೆಯೂ ಕನ್ನಡ ಇರಬೇಕಲ್ಲ? ನಮ್ಮ ಹಳೆಯ ಪುಸ್ತಕಗಳಲ್ಲಿ ಹೆಚ್ಚಿನವು ಇಂಟರ್‌ನೆಟ್‌ನಲ್ಲಿಲ್ಲ. ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿರುವ ಕನ್ನಡ ಪ್ರಬಂಧಗಳಲ್ಲಿ ಸ್ಕ್ಯಾನ್ ಮಾಡಿದ ಪುಟಗಳು ಬಹಳ. ಅವು ಯಂತ್ರಕ್ಕೆ ಬರೀ ಚಿತ್ರ. 2019ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಗಾಂಧಿನಗರದಲ್ಲಿರುವ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಸಂಸ್ಥೆ ಇನ್‌ಫ್ಲಿಬ್‌ನೆಟ್ ಶೋಧಶುದ್ಧಿ ಯೋಜನೆಯಲ್ಲಿ ವಿಶ್ವವಿದ್ಯಾಲಯಗಳಿಗೆ ಸಾಫ್ಟ್‌ವೇರ್ ಕೊಡಲು ಶುರುಮಾಡಿದಾಗ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಇನ್ನು ಕಳ್ಳತನ ನಿಂತೇಬಿಟ್ಟಿತು ಅಂದುಕೊಂಡಿದ್ದೆ.

ಆಮೇಲೆ ನಡೆದದ್ದನ್ನು ಹೇಳಲೇಬೇಕು. 2020ರಲ್ಲಿ ಒಂದು ಕನ್ನಡ ಪ್ರಬಂಧ ಬಂತು. ಯುನಿಕೋಡ್‌ನಲ್ಲೇ ಇತ್ತು. ಶೇಕಡಾ 2. ನಾನು ಸಹಿ ಹಾಕಿ ಸರ್ಟಿಫಿಕೇಟ್ ಕೊಟ್ಟೆ. ಎರಡು ವರ್ಷ ಕಳೆದ ಮೇಲೆ ಹೊರಗಿನ ಓದುಗರೊಬ್ಬರು ಬರೆದರು, ಅದರ ಮೂರನೇ ಅಧ್ಯಾಯ ಒಂದು ಇಂಗ್ಲಿಷ್ ಪುಸ್ತಕದ ಅನುವಾದ ಅಂತ. ಆ ಪುಸ್ತಕ ನಮ್ಮ ಗ್ರಂಥಾಲಯದ ಎರಡನೇ ಮಹಡಿಯಲ್ಲೇ ಇತ್ತು. ಬಾರ್‌ಕೋಡ್ ಅಂಟಿಸಿದ್ದು ನಾನೇ. ಎರಡನ್ನೂ ಟೇಬಲ್ ಮೇಲೆ ಇಟ್ಟುಕೊಂಡು ಸಾಲು ಸಾಲಾಗಿ ನೋಡುತ್ತಾ ಹೋದೆ. ಆ ಸಂಜೆ ಮನೆಗೆ ಹೋಗಿ ಊಟ ಸೇರಲಿಲ್ಲ. ಆ ಪ್ರಬಂಧದ ಮೊದಲ ಪುಟಗಳಲ್ಲಿ ನನ್ನ ಸಹಿ ಇದೆ. ಅದನ್ನು ನಾನು ಓದಿದ್ದರೆ ತಿಳಿಯುತ್ತಿತ್ತು. ಓದಿರಲಿಲ್ಲ. ಬರೀ ನಂಬರ್ ನೋಡಿದ್ದೆ.

ಅಲ್ಲಿಂದ ಮುಂದೆ ಕಣ್ಣಿನಿಂದ ನೋಡುವುದನ್ನು ಕಲಿತೆ. ನಿಮ್ಮ ಹತ್ತಿರ ದುಡ್ಡಿಲ್ಲ, ಜನ ಇಲ್ಲ ಅಂತ ಬರೆದಿದ್ದೀರಿ. ಇದಕ್ಕೆ ಎರಡೂ ಬೇಡ. ಮೊದಲು ಆಕರಪಟ್ಟಿಯಿಂದ ಓದಲು ಶುರುಮಾಡಿ. 2024ರಲ್ಲಿ ಬರೆದ ಲೇಖನ, ಆದರೆ ಪಟ್ಟಿಯಲ್ಲಿ 1996ರ ಈಚೆಗಿನ ಒಂದು ಪುಸ್ತಕವೂ ಇಲ್ಲ ಅಂದರೆ, ಯಾವುದೋ ಹಳೆಯ ಪ್ರಬಂಧದಿಂದ ಎತ್ತಿದ್ದಿರಬಹುದು. ಒಳಗೆ ಹೆಸರು ಹೇಳಿದ ಲೇಖಕರು ಪಟ್ಟಿಯಲ್ಲಿ ಇಲ್ಲದಿದ್ದರೂ ಅದೇ ಅನುಮಾನ. ಮಂಡ್ಯದ ನೀರಾವರಿ ಬಗ್ಗೆ ಎಕರೆ ಎಕರೆ ಅಂತ ಬರೆಯುತ್ತಿದ್ದವರು ಒಂದು ಪುಟದಲ್ಲಿ ಮಾತ್ರ ಹೆಕ್ಟೇರ್ ಅಂದರೆ ಅಲ್ಲಿ ನಿಲ್ಲಿ. ಸಲೀಸಾಗಿ ಹರಿಯುತ್ತಿದ್ದ ಕನ್ನಡ ಇದ್ದಕ್ಕಿದ್ದಂತೆ 'ಗಮನಿಸಲ್ಪಟ್ಟಿದೆ', 'ಪರಿಗಣಿಸಲ್ಪಡುತ್ತದೆ' ಅಂತ ಕುಂಟಲು ಶುರುವಾದರೆ ಅದರ ಹಿಂದೆ ಇಂಗ್ಲಿಷ್ ಪುಟ ಇರುವ ಸಂಭವ ಜಾಸ್ತಿ. ಅನುಮಾನ ಬಂದರೆ ಲೇಖಕರಿಗೆ ಫೋನ್ ಮಾಡಿ, 'ಈ ಪ್ಯಾರಾ ನನಗೆ ಸ್ವಲ್ಪ ಬಿಡಿಸಿ ಹೇಳ್ತೀರಾ?' ಅಂತ ಗೌರವದಿಂದಲೇ ಕೇಳಿ. ತಾವೇ ಬರೆದವರು ಹತ್ತು ನಿಮಿಷ ಬಿಡದೆ ಮಾತಾಡುತ್ತಾರೆ. ಲೇಖನವನ್ನು ಪರಿಶೀಲನೆಗೆ ಕಳಿಸುವಾಗ ಇಬ್ಬರು ಪರಿಶೀಲಕರಲ್ಲಿ ಒಬ್ಬರಾದರೂ ಆ ವಿಷಯದ ಇಂಗ್ಲಿಷ್ ಪುಸ್ತಕಗಳನ್ನು ಓದಿಕೊಂಡವರಾಗಿರಲಿ.

ಅಚ್ಚಾದ ಮೇಲೆ ದೂರು ಬಂದರೆ ಏನು ಮಾಡಬೇಕು ಅಂತಲೂ ಕೇಳಿದ್ದೀರಿ. ಪ್ರಕಟಣೆಯ ನೀತಿಗೆಂದೇ 1997ರಲ್ಲಿ ಬ್ರಿಟನ್‌ನಲ್ಲಿ ಕೋಪ್ ಅನ್ನುವ ಸಮಿತಿ ಶುರುವಾಯಿತು. ಸಂಪಾದಕರು ಒಂದಾದ ಮೇಲೊಂದು ಏನು ಮಾಡಬೇಕು ಅಂತ ಅವರು ನಕ್ಷೆ ಮಾಡಿ ಇಟ್ಟಿದ್ದಾರೆ, ಯಾರು ಬೇಕಾದರೂ ಬಳಸಬಹುದು. ಮೊದಲು ಎರಡೂ ಬರಹಗಳನ್ನು ಹೋಲಿಸಿ, ಸಾಕ್ಷಿ ಇಟ್ಟು ಲೇಖಕರಿಗೇ ಪತ್ರ ಬರೆಯಬೇಕು. ಅವರ ಮಾತು ಕೇಳಬೇಕು. ಉತ್ತರ ಬರದಿದ್ದರೆ ಸಹಲೇಖಕರಿಗೆ, ಆಮೇಲೆ ಅವರ ಸಂಸ್ಥೆಗೆ. ತಪ್ಪು ಖಚಿತವಾದರೆ ಲೇಖನವನ್ನು ಹಿಂತೆಗೆದುಕೊಂಡಿದ್ದೇವೆ ಅಂತ ಕಾರಣ ಸಮೇತ ಅಚ್ಚು ಹಾಕಬೇಕು. ದಯವಿಟ್ಟು ವೆಬ್‌ಸೈಟಿನಿಂದ ಲೇಖನವನ್ನು ಸುಮ್ನೆ ಅಳಿಸಬೇಡಿ. ಅಲ್ಲೇ ಇಟ್ಟು 'ಹಿಂತೆಗೆದುಕೊಳ್ಳಲಾಗಿದೆ' ಅಂತ ದೊಡ್ಡದಾಗಿ ಬರೆಯಿರಿ. ಅದನ್ನು ಈಗಾಗಲೇ ಓದಿ ತಮ್ಮ ಲೇಖನದಲ್ಲಿ ಹೆಸರಿಸಿದವರಿಗೆ ತಿಳಿಯಬೇಕಲ್ಲ?

ಪ್ರಶ್ನೆ: 1,500 ರೂಪಾಯಿ ಕೊಟ್ಟರೆ ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಯುಜಿಸಿ ಮಾನ್ಯತೆ ಇದೆ ಅಂತ ವಾಟ್ಸಾಪ್‌ನಲ್ಲಿ ಬರುತ್ತಲೇ ಇರುತ್ತದೆ. ನಂಬಬಹುದಾ?
(ಅತಿಥಿ ಉಪನ್ಯಾಸಕರು, ಕಲಬುರಗಿ)

ಉತ್ತರ: ನಂಬಬೇಡಿ. 2018ರ ಮೇ ತಿಂಗಳಲ್ಲಿ ಯುಜಿಸಿ ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಒಂದೇ ಸಲ ತೆಗೆದುಹಾಕಿತು. ಆಮೇಲೆ 2019ರಲ್ಲಿ ಕೇರ್ ಅನ್ನುವ ಹೊಸ ಪಟ್ಟಿ ಬಂತು. ಅದನ್ನೂ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿದರು. ಈಗ 'ಯುಜಿಸಿ ಪಟ್ಟಿಯಲ್ಲಿದ್ದೇವೆ' ಅನ್ನುವವರ ಮಾತೇ ಸುಳ್ಳು. ಮೂರು ದಿನದಲ್ಲಿ ಇಬ್ಬರು ವಿದ್ವಾಂಸರು ಲೇಖನ ಓದಿ ಅಭಿಪ್ರಾಯ ಬರೆದು ಕಳಿಸಲು ಸಾಧ್ಯವೇ ಇಲ್ಲ. ಓದದವರು ಕದ್ದದ್ದನ್ನು ಹೇಗೆ ಹಿಡಿಯುತ್ತಾರೆ? ನಿಮ್ಮ ಒಳ್ಳೆಯ ಲೇಖನ ಅಲ್ಲಿ ಕದ್ದ ಲೇಖನಗಳ ಪಕ್ಕದಲ್ಲಿ ಕೂರಬೇಕಾಗುತ್ತದೆ. ಇನ್ನೊಂದು ವಿಷಯ ನಿಮಗೆ ಅನುಕೂಲ ಆಗಬಹುದು. ಪಿಎಚ್‌ಡಿ ಪ್ರಬಂಧ ಕೊಡುವ ಮುಂಚೆ ಪೇಪರ್ ಪ್ರಕಟಿಸಲೇಬೇಕು ಅನ್ನುವ ಕಡ್ಡಾಯವನ್ನು ಯುಜಿಸಿ 2022ರ ನಿಯಮದಲ್ಲಿ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮ ಇಟ್ಟುಕೊಂಡಿದೆಯಾ ಅಂತ ಮಾತ್ರ ಕೇಳಿಕೊಳ್ಳಿ.

ಪ್ರಶ್ನೆ: ಎಐ ಹತ್ತಿರ ಬರೆಸಿದರೆ ಸಿಮಿಲಾರಿಟಿ 2 ಅಷ್ಟೇ ಬರುತ್ತದೆ. ಅದು ಯಾರದ್ದೂ ಅಲ್ಲವಲ್ಲ, ಕೃತಿಚೌರ್ಯ ಹೇಗಾಗುತ್ತದೆ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ)

ಉತ್ತರ: ನಿನ್ನದೂ ಅಲ್ಲವಲ್ಲಪ್ಪ. ಮೇಲೆ ನಿನ್ನ ಹೆಸರು ಹಾಕುತ್ತೀಯ. ಎಐ ಅನ್ನು ಲೇಖಕ ಅಂತ ಹೆಸರಿಸುವ ಹಾಗಿಲ್ಲ, ಬಳಸಿದ್ದರೆ ಎಲ್ಲಿ, ಹೇಗೆ ಅಂತ ಲೇಖನದಲ್ಲೇ ಹೇಳಬೇಕು ಅಂತ ಕೋಪ್ ಸಮಿತಿ 2023ರಲ್ಲೇ ತಿಳಿಸಿದೆ. ಇಂಗ್ಲಿಷ್ ವ್ಯಾಕರಣ ತಿದ್ದಿಸಿಕೊಂಡೆಯಾ, ಹಾಗಂತ ಬರೆ. ಯೋಚನೆಯನ್ನೇ ಅದರ ಕೈಗೆ ಕೊಡಬೇಡ. ಆಕರಗಳನ್ನಂತೂ ಕೇಳಲೇಬೇಡ. ನಾನು ನಿವೃತ್ತಳಾಗುವ ಕೆಲವು ತಿಂಗಳ ಮುಂಚೆ ಹುಡುಗನೊಬ್ಬ ಒಂದು ಲೇಖನ ಹುಡುಕಿಕೊಂಡು ಬಂದ. ಜರ್ನಲ್ ನಿಜ, ಸಂಪುಟ ನಿಜ. ಆ ಪುಟದಲ್ಲಿ ಇದ್ದದ್ದು ಬೇರೆ ಲೇಖನ. ಇಬ್ಬರೂ ಅರ್ಧ ದಿನ ಹುಡುಕಿದೆವು. ಕೊನೆಗೆ ಅವನೇ ಹೇಳಿದ, ಎಐ ಕೊಟ್ಟಿದ್ದು ಅಂತ. ಅಂಥ ಲೇಖನ ಯಾರೂ ಬರೆದೇ ಇರಲಿಲ್ಲ.

ಪ್ರಶ್ನೆ: ಅಮ್ಮಾ, ನಾನು ನಿವೃತ್ತ ಪ್ರಾಥಮಿಕ ಶಾಲಾ ಮಾಸ್ತರು. ವಯಸ್ಸು 74. ಸೈಕಲ್‌ನಲ್ಲಿ, ಆಮೇಲೆ ಟಿವಿಎಸ್‌ನಲ್ಲಿ ತಿರುಗಿ ನಮ್ಮ ತಾಲ್ಲೂಕಿನ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಹುಡುಕಿ, ಶಾಸನ ಓದಿಸಿ, 2009ರಲ್ಲಿ ಸ್ವಂತ ಖರ್ಚಿನಲ್ಲಿ ಒಂದು ಕಿರುಹೊತ್ತಿಗೆ ಮಾಡಿಸಿದೆ. 500 ಪ್ರತಿ. ಈಗ ಒಬ್ಬ ಸಹಾಯಕ ಪ್ರಾಧ್ಯಾಪಕರ ಲೇಖನ ಸಂಶೋಧನಾ ಪತ್ರಿಕೆಯಲ್ಲಿ ಬಂದಿದೆ. 11 ಕಲ್ಲುಗಳ ವಿವರ ನನ್ನದೇ. ನನ್ನ ಹೊತ್ತಿಗೆಯಲ್ಲಿ ಒಂದು ಶಾಸನದ ವರ್ಷ ಅಚ್ಚಿನಲ್ಲಿ ತಪ್ಪಾಗಿ 1178 ಬದಲು 1187 ಅಂತ ಬಿದ್ದಿತ್ತು, ಅದೂ ಹಾಗೇ ಇದೆ. ನನ್ನ ಹೆಸರು ಎಲ್ಲೂ ಇಲ್ಲ. ಫೋನ್ ಮಾಡಿದರೆ 'ಸಾಫ್ಟ್‌ವೇರ್‌ನಲ್ಲಿ 4 ಪರ್ಸೆಂಟ್ ಬಂದಿದೆ, ಏನು ಮಾಡ್ತೀರೋ ಮಾಡ್ಕೊಳ್ಳಿ' ಅಂದರು. ದುಡ್ಡು ಬೇಡಮ್ಮ. ಈ ವಯಸ್ಸಿನಲ್ಲಿ ಹೋರಾಡಬೇಕಾ, ಬಿಟ್ಟುಬಿಡಲಾ?
(ಅರಸೀಕೆರೆ ತಾಲ್ಲೂಕು)

ಉತ್ತರ: ಬಿಡಬೇಡಿ ಮೇಷ್ಟ್ರೇ. ನಿಮ್ಮ ಹೊತ್ತಿಗೆ ಇಂಟರ್‌ನೆಟ್‌ನಲ್ಲಿಲ್ಲ. ಅದಕ್ಕೇ 4 ಬಂದಿದೆ. ಆ ನಾಲ್ಕು ಅವರನ್ನು ಕಾಪಾಡುವುದಿಲ್ಲ.

ನಿಮ್ಮ ಹತ್ತಿರ ಇರುವ ದೊಡ್ಡ ಸಾಕ್ಷಿ ಯಾವುದು ಅಂತ ನಿಮಗೇ ಗೊತ್ತಿಲ್ಲ ಅನ್ನಿಸುತ್ತದೆ. ಆ 1187. ಹಳೆಯ ತಾಳೆಗರಿಗಳನ್ನು ಸಂಪಾದಿಸುವ ವಿದ್ವಾಂಸರು ಯಾವ ಪ್ರತಿಯನ್ನು ಯಾವುದರಿಂದ ನಕಲು ಮಾಡಿದ್ದು ಅಂತ ಹೇಳುವುದು ಹೀಗೇ. ಇಬ್ಬರೂ ಸರಿ ಬರೆದರೆ ಅದರಿಂದ ಏನೂ ತಿಳಿಯುವುದಿಲ್ಲ, ಇಬ್ಬರೂ ಕಲ್ಲನ್ನು ನೋಡಿರಬಹುದು. ಇಬ್ಬರೂ ಒಂದೇ ತಪ್ಪು ಬರೆದರೆ ಒಬ್ಬರು ಇನ್ನೊಬ್ಬರನ್ನು ನೋಡಿ ಬರೆದಿದ್ದಾರೆ. ಕಲ್ಲಿನ ಮೇಲೆ 1178ಕ್ಕೆ ಸರಿಹೊಂದುವ ಶಕವರ್ಷ ಇದೆ, ನಿಮ್ಮ ಅಚ್ಚಿನಲ್ಲಿ ಮಾತ್ರ 1187. ಅವರಿಗೆ 1187 ಎಲ್ಲಿಂದ ಬಂತು? ಈ ಒಂದು ಪ್ರಶ್ನೆ ಸಾಕು.

ಒಂದು ದೊಡ್ಡ ಹಾಳೆ ತೆಗೆದುಕೊಂಡು ಮಧ್ಯೆ ಗೆರೆ ಎಳೆಯಿರಿ. ಎಡಗಡೆ ನಿಮ್ಮ ಸಾಲು, ಪುಟ ಸಂಖ್ಯೆ. ಬಲಗಡೆ ಅವರ ಸಾಲು, ಪುಟ ಸಂಖ್ಯೆ. 11 ಕಲ್ಲಿಗೂ ಹೀಗೆ ಮಾಡಿ, 1187 ಮೊದಲಿಗೆ ಇರಲಿ. ಕೋಪದ ಮಾತು ಒಂದೂ ಬೇಡ. ಒಂದು ಪ್ರತಿ ಪತ್ರಿಕೆಯ ಸಂಪಾದಕರಿಗೆ, ಇನ್ನೊಂದು ಆ ಪ್ರಾಧ್ಯಾಪಕರ ವಿಶ್ವವಿದ್ಯಾಲಯದ ಕುಲಸಚಿವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ. 2018ರ ನಿಯಮದ ಪ್ರಕಾರ ಅಲ್ಲಿ ವಿಭಾಗದ ಮಟ್ಟದಲ್ಲಿ ಒಂದು ಸಮಿತಿ, ಸಂಸ್ಥೆಯ ಮಟ್ಟದಲ್ಲಿ ಇನ್ನೊಂದು ಸಮಿತಿ ಇರಲೇಬೇಕು. ವಿಭಾಗದ ಸಮಿತಿ ದೂರು ಬಂದ 45 ದಿನದೊಳಗೆ ವರದಿ ಕೊಡಬೇಕು. ನೀವು ಆ ಸಂಸ್ಥೆಯವರಲ್ಲ ಅಂತ ಹಿಂಜರಿಯಬೇಡಿ. ವಿಶ್ವವಿದ್ಯಾಲಯ ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಲೂ ಅವಕಾಶ ಇದೆ. ತಪ್ಪು ಸಾಬೀತಾದರೆ ಲೇಖನ ವಾಪಸ್ ಪಡೆಯಬೇಕಾಗುತ್ತದೆ. ಹೋಲಿಕೆ 40ರಿಂದ 60ರ ಮಧ್ಯೆ ಅಂತ ತೀರ್ಮಾನವಾದರೆ ಒಂದು ವರ್ಷದ ಇನ್‌ಕ್ರಿಮೆಂಟ್ ಹೋಗುತ್ತದೆ, ಎರಡು ವರ್ಷ ಹೊಸ ವಿದ್ಯಾರ್ಥಿಗಳಿಗೆ ಗೈಡ್ ಆಗುವಂತಿಲ್ಲ. 60 ದಾಟಿದರೆ ಎರಡು ಇನ್‌ಕ್ರಿಮೆಂಟ್, ಮೂರು ವರ್ಷ.

ದೊಡ್ಡವರ ಮುಂದೆ ನಮ್ಮ ಮಾತು ನಡೆಯುತ್ತದಾ ಅಂತ ಕೇಳಿದ್ದೀರಿ. 2002ರಲ್ಲಿ ನೈನಿತಾಲ್‌ನ ಕುಮಾವೂಂ ವಿಶ್ವವಿದ್ಯಾಲಯದ ಕುಲಪತಿಯ ಮೇಲೆಯೇ ಇಂಥ ಆರೋಪ ಬಂತು. ಸ್ಟ್ಯಾನ್‌ಫರ್ಡ್‌ನ ಭೌತವಿಜ್ಞಾನಿ ರೆನಾಟಾ ಕಲ್ಲೋಶ್ ಅವರು 1996ರಲ್ಲಿ ಬರೆದ ಪ್ರಬಂಧವನ್ನು ಎತ್ತಿದ್ದಾರೆ ಅಂತ. ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕರು ಆಗಿನ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಗೇ ಪತ್ರ ಬರೆದರು. ತನಿಖೆ ನಡೆದು ಕುಲಪತಿ ಹುದ್ದೆ ಬಿಡಬೇಕಾಯಿತು. ಅವರ ಹಿಂದೆ ದೊಡ್ಡ ಹೆಸರುಗಳಿದ್ದವು ನಿಜ. ನಿಮ್ಮ ಹಿಂದೆ 11 ಕಲ್ಲುಗಳಿವೆ. ಅವು ಎಲ್ಲೂ ಹೋಗುವುದಿಲ್ಲ.

'ಹೆಸರು ಹಾಕಿದ್ದರೆ ಸಾಕಿತ್ತು' ಅಂತ ಪತ್ರದಲ್ಲಿ ಎರಡು ಕಡೆ ಬರೆದಿದ್ದೀರಿ. ಅದು ಸಣ್ಣ ಆಸೆ ಅಲ್ಲ ಮೇಷ್ಟ್ರೇ. ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆಯುವಾಗ ಯಾವ ಯಾವ ಕವಿಗಳ ಪ್ರಯೋಗ ತನಗೆ ಆಧಾರ ಅಂತ ಗಜಗ, ಅಸಗ, ಗುಣವರ್ಮ, ಪೊನ್ನ, ಪಂಪ ಹೀಗೆ ಹೆಸರು ಹಿಡಿದು ಹೇಳುತ್ತಾನೆ. ಅವರಲ್ಲಿ ಗಜಗ, ಅಸಗರ ಕನ್ನಡ ಕಾವ್ಯ ನಮಗೆ ಸಿಕ್ಕಿಲ್ಲ. ಕಾವ್ಯ ಹೋಗಿ ಹೆಸರು ಉಳಿದದ್ದು, ಅವರಿಂದ ಪಡೆದವರು ಅವರನ್ನು ನೆನೆದದ್ದರಿಂದ. ಕೇಶಿರಾಜನಿಗೆ ಯಾವ ಯುಜಿಸಿಯೂ ಹೇಳಿರಲಿಲ್ಲ.

ಸಂಪಾದಕರಿಗೆ ಬರೆಯುವಾಗ ಶಿಕ್ಷೆ ಕೊಡಿ ಅಂತ ಕೇಳುವ ಜೊತೆಗೆ, ಮೊದಲ ಶೋಧ ಯಾರದ್ದು ಅಂತ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಿ ಅಂತಲೂ ಸ್ಪಷ್ಟವಾಗಿ ಕೇಳಿ. ನಿಮ್ಮ ಹೊತ್ತಿಗೆಯ ಎರಡು ಪ್ರತಿಗಳನ್ನು ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಟ್ಟು ರಶೀದಿ ಪಡೆಯಿರಿ. ಮೊಮ್ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ ಅಂದಿರಲ್ಲ, ಅವನ ಹತ್ತಿರ ಅದನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿಸಿ ಇಂಟರ್‌ನೆಟ್‌ಗೆ ಹಾಕಿಸಿ. ಮುಂದಿನ ಸಲ ಯಾರಾದರೂ ಎತ್ತಿದರೆ ಯಂತ್ರಕ್ಕೂ ಕಾಣಲಿ.

ನೀವು ಪತ್ರದ ಜೊತೆ ಕಳಿಸಿದ ಮೂರು ಹಳೆಯ ಫೋಟೊಗಳನ್ನು ಸೋಮವಾರ ಸ್ಪೀಡ್ ಪೋಸ್ಟ್‌ನಲ್ಲಿ ವಾಪಸ್ ಕಳಿಸಿದ್ದೇನೆ. ಹಿಂದೆ ನೀವು ಪೆನ್ಸಿಲ್‌ನಲ್ಲಿ ಬರೆದ ತಾರೀಖು, ಊರಿನ ಹೆಸರು ಮಾಸುತ್ತಿವೆ, ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಮೂಲ ಪ್ರತಿ ಯಾರಿಗೂ ಕಳಿಸಬೇಡಿ ಮೇಷ್ಟ್ರೇ, ನನಗೂ ಸಹ. ಝೆರಾಕ್ಸ್ ಕಳಿಸಿ.